ಹಲ್ಲುಗಳ ಹೊಂದಿಕೆ ಮತ್ತು ದೇಹದ ಸಮತೋಲ



ಉಣ್ಣುವಾಗ ಅನ್ನದಲ್ಲಿ ಸಣ್ಣ ಕಲ್ಲೊಂದು ಸಿಕ್ಕರೆ ಏನಾಗುತ್ತದೆಂಬುದು ನಮಗೆಲ್ಲ ಗೊತ್ತು. ಹಲ್ಲಿಗೆ ತಾಗಿದ ಮರುಕ್ಷಣವೇ ದವಡೆ ನಿಲ್ಲುತ್ತದೆ, ಕತ್ತು ಬಿಗಿಯುತ್ತದೆ. ಹಲ್ಲಿನ ಬೇರನ್ನು ಎಲುಬಿಗೆ ಬಂಧಿಸಿರುವ ತಂತುಗಳ ಸ್ಪರ್ಶಜ್ಞಾನ ಅಷ್ಟು ಸೂಕ್ಷ್ಮವಾದುದು. ಹಾಗಿದ್ದರೆ ಮೇಲಿನ, ಕೆಳಗಿನ ಹಲ್ಲುಗಳು ಕೂಡುವ ಬಗೆಗೂ ನಾವು ನೆಟ್ಟಗೆ ನಿಲ್ಲುವುದಕ್ಕೂ ಸಂಬಂಧವಿದೆಯೇ?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಹಲ್ಲುಗಳ ಹೊಂದಿಕೆಯನ್ನು ತಿದ್ದಿದರೆ ಬೆನ್ನುನೋವು, ತಲೆಸುತ್ತು, ಬಾಗಿದ ಬೆನ್ನುಮೂಳೆ ಎಲ್ಲವೂ ಸರಿಹೋಗುತ್ತವೆಂಬ ಭರವಸೆ ಇಂದು ಹಲವೆಡೆ ಕೇಳಿಬರುತ್ತದೆ. ಅದನ್ನು ನಂಬಿ ಹಣವನ್ನಷ್ಟೇ ಅಲ್ಲ, ಒಳ್ಳೆಯ ಹಲ್ಲುಗಳನ್ನೂ ಕಳೆದುಕೊಳ್ಳುವ ಅಪಾಯವುಂಟು.

ದೇಹದ ಸಮತೋಲಕ್ಕೆ ಮೂರು ಮುಖ್ಯ ಆಧಾರಗಳಿವೆ: ಒಳಗಿವಿ, ಕಣ್ಣು, ಮತ್ತು ಪಾದ, ಕೀಲು, ಸ್ನಾಯುಗಳಿಂದ ಬರುವ ಅರಿವು. ಹಲ್ಲು, ದವಡೆಗಳ ಸಂವೇದನೆಯನ್ನು ಒಯ್ಯುವುದು ಐದನೆಯ ಕಪಾಲ ನರ. ಅದರ ಸಂವೇದನಾ ಕೇಂದ್ರದ ಒಂದು ಭಾಗ ಕತ್ತಿನ ಮೇಲ್ಭಾಗದ ಮೆದುಳುಬಳ್ಳಿಯವರೆಗೂ ಇಳಿಯುತ್ತದೆ. ಅಲ್ಲಿ ಕತ್ತಿನ ನರಗಳ ಸಂದೇಶಗಳೂ ಬಂದು ಸೇರುತ್ತವೆ. ಆದುದರಿಂದ ದವಡೆಗೂ ಕತ್ತಿಗೂ ನಂಟಿರುವುದು ನಿಜ. ಹಲ್ಲು ಕಚ್ಚಿ ನಿಂತಾಗ ದೇಹದ ತೂಗಾಟದಲ್ಲಿ ಅಲ್ಪ ವ್ಯತ್ಯಾಸವನ್ನು ಕೆಲವು ಪ್ರಯೋಗಗಳು ಕಂಡಿವೆ, ಕೆಲವು ಕಂಡಿಲ್ಲ. ಹಲ್ಲು ತಿದ್ದಿದರೆ ಬೆನ್ನುಮೂಳೆ ನೆಟ್ಟಗಾಗುತ್ತದೆಂಬುದಕ್ಕಂತೂ ವಿಶ್ವಾಸಾರ್ಹ ಪುರಾವೆಯಿಲ್ಲ.

ಆದರೆ ಹಿರಿಯರ ವಿಷಯದಲ್ಲಿ ಗಮನಿಸಬೇಕಾದ ಮಾತೊಂದಿದೆ. ಜಪಾನಿನಲ್ಲಿ ಅರುವತ್ತೈದು ದಾಟಿದ 1,763 ಮಂದಿಯನ್ನು ಮೂರು ವರ್ಷ ಅನುಸರಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಇಪ್ಪತ್ತು ಅಥವಾ ಹೆಚ್ಚು ಹಲ್ಲುಗಳಿದ್ದವರಿಗೆ ಹೋಲಿಸಿದರೆ, ಹತ್ತೊಂಬತ್ತು ಅಥವಾ ಕಡಿಮೆ ಹಲ್ಲುಗಳಿದ್ದು ಕೃತಕ ಹಲ್ಲನ್ನೂ ಧರಿಸದವರಲ್ಲಿ ಮತ್ತೆ ಮತ್ತೆ ಬೀಳುವ ಸಂಭವ ಸುಮಾರು ಎರಡೂವರೆ ಪಟ್ಟು ಕಂಡುಬಂತು. ಹಲ್ಲಿಲ್ಲದಿರುವುದೇ ಬೀಳಲು ಕಾರಣವೆಂದು ಇದರಿಂದ ಸಿದ್ಧವಾಗದು. ಅಗಿಯಲಾಗದವರು ಸರಿಯಾಗಿ ಉಣ್ಣದೆ ಸೊರಗಿರಲೂಬಹುದು. ಆದರೂ ಎಚ್ಚರಿಕೆಯಾಗಿ ಇದನ್ನು ಸ್ವೀಕರಿಸಬಹುದು.

ಊರಿನಿಂದ ನಮ್ಮಲ್ಲಿಗೆ ಬರುವ ತಂದೆತಾಯಿಯರನ್ನು ನೆನೆಯಿರಿ. ಕಟ್ಟಿಸಿದ ಹಲ್ಲು ಎಷ್ಟೋ ಸಲ ಹಗಲೆಲ್ಲ ನೀರಿನ ಲೋಟದಲ್ಲಿಯೇ ಇರುತ್ತದೆ! ಕೇಳಿದರೆ, “ಸಡಿಲವಾಗಿದೆ, ಬಿಡಪ್ಪಾ” ಎನ್ನುತ್ತಾರೆ. ದಯವಿಟ್ಟು ಬಿಡಬೇಡಿ. ಸರಿಪಡಿಸಿ ಕೊಡಿಸಿ. ಅವರಿಗೆ ತಲೆ ತಿರುಗುತ್ತಿದ್ದರೆ ರಕ್ತದೊತ್ತಡ, ಸಕ್ಕರೆ, ಕಣ್ಣು, ಕಿವಿ, ನುಂಗುವ ಮಾತ್ರೆಗಳು ಇವನ್ನೆಲ್ಲ ಮೊದಲು ವೈದ್ಯರಿಂದ ಪರೀಕ್ಷಿಸಿಸಿ. ನುಣುಪಾದ ನೆಲದ ಮೇಲೆ ನೀರು ನಿಲ್ಲದಂತೆಯೂ ನೋಡಿಕೊಳ್ಳಿ.

ಮಕ್ಕಳಿಗೆ ಹಲ್ಲಿನ ತಂತಿ ಹಾಕಿಸುವುದಾದರೆ ಅಗಿಯಲು, ಶುಚಿಯಾಗಿಡಲು, ದವಡೆ ಸರಿಯಾಗಿ ಬೆಳೆಯಲು, ನಗು ಚೆನ್ನಾಗಿ ಕಾಣಲು ಹಾಕಿಸಿ, ಬೆನ್ನು ನೆಟ್ಟಗಾಗಲೆಂದಲ್ಲ. ಬೆನ್ನುನೋವಿಗೆಂದು ಆರೋಗ್ಯವಾದ ಹಲ್ಲನ್ನು ಉಜ್ಜಿ ತಗ್ಗಿಸುತ್ತೇವೆಂದು ಯಾರಾದರೂ ಹೇಳಿದರೆ, ಎದ್ದು ಬಂದು ಇನ್ನೊಬ್ಬ ವೈದ್ಯರನ್ನು ಕೇಳಿರಿ. ಸವೆಸಿದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ಹಲ್ಲನ್ನು ಹಲ್ಲಿಗಾಗಿಯೇ ಕಾಪಾಡಿಕೊಳ್ಳೋಣ. ಅದಕ್ಕೆ ಬೇರೆ ಕಾರಣ ಬೇಕಿಲ್ಲ.