ವೃದ್ಧಾಶ್ರಮದ ಆರೈಕೆಯನ್ನು ಅಳೆಯುವುದು ಹೇಗೆ?



ಪುಣೆಯಲ್ಲಿ ವೃದ್ಧಾಶ್ರಮಗಳು ಹೊಸತಲ್ಲ. ಡೇವಿಡ್ ಸಸೂನ್ ಅವರ ಹೆಸರು ಹೊತ್ತ, ಈಗ ‘ನಿವಾರಾ’ ಎನಿಸಿರುವ ಆಶ್ರಯಧಾಮವು ಹತ್ತೊಂಬತ್ತನೆಯ ಶತಮಾನದ್ದು. ಹಿರಿಯ ನಾಗರಿಕರ ಪೋಷಣೆಗೆ ಸಂಬಂಧಿಸಿದ 2007ರ ಅಧಿನಿಯಮವು ವೃದ್ಧಾಶ್ರಮಗಳ ಸೇವೆಯ ಗುಣಮಟ್ಟವನ್ನು ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ನೀಡಿದೆ. ಆದರೆ ಆ ಗುಣಮಟ್ಟವು ಕಾಣಬೇಕಾದುದು ಕಟ್ಟಡದಲ್ಲಲ್ಲ, ಹಾಸಿಗೆ ಹಿಡಿದವರ ಮೈಯಲ್ಲಿ.

ಸ್ವತಃ ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ ಮಲಗಿಸದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣುಗಳಾಗುತ್ತವೆ. ಭೇಟಿಗೆ ಹೋದಾಗ ಈ ಭಾಗಗಳನ್ನು ನೋಡಿರಿ. ಔಷಧ ಕೊಟ್ಟ ವೇಳೆಯನ್ನು ಬರೆದಿಟ್ಟಿದ್ದಾರೆಯೇ, ನೀರು ಕೈಗೆಟುಕುವಂತಿದೆಯೇ, ರಾತ್ರಿ ಕರೆದರೆ ಬರುವವರು ಯಾರು ಎಂಬುದನ್ನು ವಿಚಾರಿಸಿರಿ.

ಪುಣೆಯ ಕನ್ನಡಿಗರಿಗೆ ಇನ್ನೊಂದು ಎಚ್ಚರ ಅಗತ್ಯ. ಮರೆವಿನ ರೋಗ ಬಲಿತಾಗ ಅನೇಕರು ತಡವಾಗಿ ಕಲಿತ ಭಾಷೆಯನ್ನು ಮರೆತು ತಾಯ್ನುಡಿಗೆ ಮರಳುತ್ತಾರೆ. ‘ನೋವು’ ಎಂಬ ಮಾತು ತಿಳಿಯದ ಪರಿಚಾರಕರಿಗೆ ಅವರ ನೋವೂ ತಿಳಿಯದು. ಆದುದರಿಂದ ನೋವು, ನೀರು, ಹಸಿವು, ಚಳಿ, ‘ಒಂದಕ್ಕೆ’ ಮೊದಲಾದ ಮಾತುಗಳನ್ನು ಮರಾಠಿ ಅರ್ಥಸಹಿತ ನಾಗರಿ ಲಿಪಿಯಲ್ಲಿ ಬರೆದು ಮಂಚದ ಬಳಿ ಅಂಟಿಸಿರಿ.

ಲೋಪ ಕಂಡುಬಂದಲ್ಲಿ ಮೊದಲು ವ್ಯವಸ್ಥಾಪಕರಿಗೆ ತಿಳಿಸಿರಿ. ಪರಿಹಾರ ದೊರೆಯದಿದ್ದರೆ ಹಿರಿಯರ ಉಚಿತ ಸಹಾಯವಾಣಿ 14567ಕ್ಕೆ ಕರೆ ಮಾಡಿರಿ.