23 ಕಿಟಕಿಯ ವ್ಯಾನಿಗೆ ಅಷ್ಟೊಂದು ಬೆಲೆ ಯಾಕೆ?

ಇವತ್ತು ಒಂದು ಹಳೇ ವ್ಯಾನಿನ ಬಗ್ಗೆ ಮಾತಾಡ್ತೀನಿ.

2011ರಲ್ಲಿ ಅಮೆರಿಕದ ಬ್ಯಾರೆಟ್-ಜಾಕ್ಸನ್ ಹರಾಜಿನಲ್ಲಿ 1963ನೇ ಇಸವಿಯ ಒಂದು ಫೋಕ್ಸ್‌ವ್ಯಾಗನ್ ಬಸ್ 2 ಲಕ್ಷ ಡಾಲರ್ ದಾಟಿ ಮಾರಾಟವಾಯ್ತು. ಪವರ್ ಸ್ಟೀರಿಂಗ್ ಇಲ್ಲ, ಎ.ಸಿ. ಇಲ್ಲ, ಘಾಟಿ ಹತ್ತೋವಾಗ ಏದುಸಿರು ಬಿಡೋ ಗಾಡಿ. ಹಾಗಾದ್ರೆ ಅಷ್ಟು ದುಡ್ಡು ಕೊಟ್ಟು ಕೊಂಡಿದ್ದಾದ್ರೂ ಏನನ್ನ?

ಈ ಗಾಡಿ ಹುಟ್ಟಿದ್ದೇ ದುಡಿಯೋದಕ್ಕೆ. 1947ರ ಏಪ್ರಿಲ್‌ನಲ್ಲಿ ಬೆನ್ ಪಾನ್ ಎಂಬ ಡಚ್ ವ್ಯಾಪಾರಿ ತನ್ನ ನೋಟ್‌ಬುಕ್ಕಿನಲ್ಲಿ ಒಂದು ಚಿತ್ರ ಗೀಚಿದ. ಡಬ್ಬಿಯಂಥ ಆಕಾರ, ಮುಂದೆ ಡ್ರೈವರ್, ಹಿಂದೆ ಎಂಜಿನ್, ನಡುವೆ ಸಾಮಾನು. 1950ರ ಮಾರ್ಚ್‌ನಲ್ಲಿ ಜರ್ಮನಿಯ ವುಲ್ಫ್ಸ್‌ಬರ್ಗ್‌ನಲ್ಲಿ ತಯಾರಿಕೆ ಶುರುವಾಯ್ತು. ಬೀಟಲ್ ಕಾರಿನದೇ ಎಂಜಿನ್, ಗಾಳಿಯಲ್ಲೇ ತಣಿಯುವಂಥದ್ದು, ಶಕ್ತಿ ಬರೀ 25 ಅಶ್ವಶಕ್ತಿ. ಇವತ್ತಿನ 350 ಸಿಸಿ ಬುಲೆಟ್ಟಿಗೇ 20 ಇದೆ, ನೀವೇ ಲೆಕ್ಕ ಹಾಕಿ.

1951ರಲ್ಲಿ ಬಂತು ಇದರ ಶೋಕಿ ರೂಪ, ಜನ ‘ಸಾಂಬಾ’ ಅಂತ ಕರೆಯೋದು. ಕಿಟಕಿ ಎಣಿಸೋಣ ಬನ್ನಿ. ಮುಂದಿನ ಗಾಜು ಎರಡು ಹೋಳು, ಮುಂದಿನ ಬಾಗಿಲಿಗೆ ಎರಡು, ಪಕ್ಕಕ್ಕೆ ನಾಲ್ಕು ನಾಲ್ಕು, ಹಿಂದಿನ ಮೂಲೆಗಳಲ್ಲಿ ಬಾಗಿದ ಎರಡು, ಹಿಂಬದಿಗೆ ಒಂದು, ಚಾವಣಿ ಅಂಚಿನಲ್ಲಿ ಎಂಟು. ಒಟ್ಟು 23! ಮೇಲೆ ಮಡಚುವ ಬಟ್ಟೆಯ ಚಾವಣಿ ಬೇರೆ. ಆಲ್ಪ್ಸ್ ಬೆಟ್ಟದ ಪ್ರವಾಸಿಗರು ಕೂತಲ್ಲಿಂದಲೇ ಶಿಖರ ನೋಡಲಿ ಅನ್ನೋ ಲೆಕ್ಕ.

ಈಗ ಬೆಲೆಯ ಗುಟ್ಟಿಗೆ ಬರೋಣ. ಸ್ಪೋರ್ಟ್ಸ್ ಕಾರನ್ನ ಜನ ಶೆಡ್ಡಿನಲ್ಲಿಟ್ಟು ಒರೆಸ್ತಾರೆ. ವ್ಯಾನನ್ನ ಯಾರು ಒರೆಸ್ತಾರೆ? ಅದು ಬ್ರೆಡ್ ಹೊತ್ತಿತು, ಮಕ್ಕಳನ್ನ ಸ್ಕೂಲಿಗೆ ಬಿಟ್ಟಿತು, ಅಮೆರಿಕದಲ್ಲಿ ಹಿಪ್ಪಿಗಳಿಗೆ ಮನೆಯಾಯ್ತು, ಕೊನೆಗೆ ತುಕ್ಕು ಹಿಡಿದು ಗುಜರಿಗೆ ಹೋಯ್ತು. ಎಲ್ಲರೂ ಬಳಸಿದ್ದನ್ನ ಯಾರೂ ಉಳಿಸಲಿಲ್ಲ. ಅದಕ್ಕೇ ಉಳಿದದ್ದಕ್ಕೆ ಈ ಬೆಲೆ.

ಬೆಲೆ ಏರಿದ ಮೇಲೆ ಮೋಸವೂ ಬರಲೇಬೇಕಲ್ವಾ? ಮಾಮೂಲಿ 11 ಕಿಟಕಿಯ ಬಸ್ಸಿನ ತಗಡು ಕತ್ತರಿಸಿ, ಚಾವಣಿಗೆ ಗಾಜು ಕೂರಿಸಿ, ಸಾಂಬಾ ಅಂತ ಮಾರೋರಿದ್ದಾರೆ. ಬಲ್ಲವರು ಬಣ್ಣಕ್ಕೆ ಮರುಳಾಗಲ್ಲ, ಮೊದಲು ಚಾಸಿ ನಂಬರ್ ನೋಡ್ತಾರೆ. ಆಮೇಲೆ ಒಳಗಿರುವ ಒಂದು ಸಣ್ಣ ತಗಡಿನ ಪಟ್ಟಿ. ಯಾವ ಮಾದರಿ, ಯಾವ ಬಣ್ಣ, ಯಾವತ್ತು ತಯಾರಾಯ್ತು, ಯಾವ ದೇಶಕ್ಕೆ ಹೋಯ್ತು, ಎಲ್ಲವೂ ಸಂಕೇತದಲ್ಲಿ ಅದರ ಮೇಲಿರುತ್ತೆ. ಕಂಪನಿಯ ದಾಖಲೆಗಳಿಂದ ಗಾಡಿಯ ‘ಜನನ ಪ್ರಮಾಣಪತ್ರ’ವನ್ನೂ ತರಿಸಬಹುದು. ಇನ್ನೊಂದು ಸುಳಿವು: 1963ರಲ್ಲಿ ಹಿಂಬಾಗಿಲು ಅಗಲವಾಯ್ತು, ಮೂಲೆಯ ಎರಡು ಗಾಜು ಹೋಗಿ ಕಿಟಕಿ 21 ಆಯ್ತು. 1965ರ ಗಾಡಿಯನ್ನ 23 ಕಿಟಕಿಯದು ಅಂತ ಯಾರಾದ್ರೂ ತೋರಿಸಿದ್ರೆ ಮೊದಲು ಅನುಮಾನ ಪಡಿ.

ರಿಪೇರಿ ಬಗ್ಗೆ ಎರಡು ಪಂಥ ಇದೆ. ಒಬ್ಬರು ಕೊಳೆತ ತಗಡೆಲ್ಲ ಕಿತ್ತು, ಹೊಸದು ಬೆಸುಗೆ ಹಾಕಿ, ಕಾರ್ಖಾನೆಯಿಂದ ಈಗಷ್ಟೇ ಬಂದ ಹಾಗೆ ಮಾಡ್ತಾರೆ. ಇನ್ನೊಬ್ಬರು ಮಾಸಿದ ಬಣ್ಣ, ಅಂಗಡಿಯ ಅಳಿಸಿದ ಬೋರ್ಡು, ಎಲ್ಲ ಹಾಗೇ ಬಿಟ್ಟು ಎಂಜಿನ್, ಬ್ರೇಕ್ ಮಾತ್ರ ಸರಿ ಮಾಡ್ತಾರೆ. ನನ್ನ ಮನಸ್ಸು ಎರಡನೆಯವರ ಕಡೆ. ಬಣ್ಣ ಮತ್ತೆ ಹೊಡೀಬಹುದು, ಬಾಳಿದ ಗುರುತು ಮತ್ತೆ ಬರಲ್ಲ. ಆದ್ರೆ ನೆಲದ ತಗಡು, ಚಾಸಿ ಕೊಳೆತಿದ್ರೆ ಭಾವುಕತೆ ಬೇಡ, ಪ್ರಾಣ ಮುಖ್ಯ.

ಇದೆಲ್ಲ ನಮಗ್ಯಾಕೆ ಅಂತೀರಾ? ಊರಲ್ಲಿ ನಾವೆಲ್ಲ ‘ಮೆಟಡೋರ್’ ಅಂತಿದ್ವಲ್ಲ, ಆ ಹೆಸರಿನ ಮೊದಲ ಗಾಡಿ ಹ್ಯಾಂಬರ್ಗಿನ ಟೆಂಪೊ ಕಂಪನಿಯದು. 1949ರಲ್ಲಿ ಬಂದ ಅದರ ಹೊಟ್ಟೆಯಲ್ಲಿದ್ದದ್ದು ಇದೇ ಫೋಕ್ಸ್‌ವ್ಯಾಗನ್ ಎಂಜಿನ್. ನಾವು ಕಂಡ ಮೆಟಡೋರ್ ಬೇರೆ ವಿನ್ಯಾಸದ್ದು, ಪುಣೆಯ ಬಜಾಜ್ ಟೆಂಪೊದಲ್ಲಿ ತಯಾರಾಗಿದ್ದು. ಪುಣೆಯಲ್ಲಿರೋರು ಆಕುರ್ಡಿ ಕಡೆ ಹೋದಾಗ ನೆನಪಿಸಿಕೊಳ್ಳಿ. ಇವತ್ತು ಆ ಕಂಪನಿಯ ಹೆಸರು ಫೋರ್ಸ್ ಮೋಟರ್ಸ್.

ಮದುವೆ ದಿಬ್ಬಣ, ತರಕಾರಿ, ಸಂತೆ, ಆಸ್ಪತ್ರೆ, ಎಲ್ಲಕ್ಕೂ ಓಡಿದ ಆ ಗಾಡಿ ಈಗ ಎಲ್ಲಿದೆ? ಬಹುಪಾಲು ಗುಜರಿಯಲ್ಲಿ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂತು. ಮೊದಲ ನೋಂದಣಿಯಾಗಿ 50 ವರ್ಷ ಆಗಿರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ ಬರುತ್ತೆ, ಹೊಸ ನೋಂದಣಿಗೆ 20,000 ರೂಪಾಯಿ. ಆದ್ರೆ ಇದು ಸ್ವಂತ ಬಳಕೆಯ, ವಾಣಿಜ್ಯವಲ್ಲದ ಗಾಡಿಗಳಿಗೆ. ನಮ್ಮ ಮೆಟಡೋರ್‌ಗಳೋ ಹೆಚ್ಚಿನವು ಬಾಡಿಗೆಗೆ ದುಡಿದಂಥವು. ಸಾಹುಕಾರರ ಕಾರಿಗೆ ಗೌರವದ ಮುಪ್ಪು ಸಿಕ್ಕಿತು, ಊರಿಗೆ ದುಡಿದ ವ್ಯಾನಿಗೆ ಇಲ್ಲ. ನನಗೆ ನೋವಾಗೋದು ಇಲ್ಲೇ.

ಹಬ್ಬಕ್ಕೆ ಊರಿಗೆ ಹೋದಾಗ ಹಿತ್ತಿಲಲ್ಲೋ ಕೊಟ್ಟಿಗೆ ಪಕ್ಕದಲ್ಲೋ ಒಂದು ಹಳೇ ವ್ಯಾನ್ ನಿಂತಿದ್ರೆ, ಗುಜರಿಯವನಿಗೆ ಫೋನ್ ಮಾಡೋ ಮೊದಲು ಮೂರು ಕೆಲಸ ಮಾಡಿ. ಆರ್.ಸಿ. ಪುಸ್ತಕ ಹುಡುಕಿ, ಚಾಸಿ ನಂಬರ್ ಫೋಟೋ ತೆಗೀರಿ, ಅದನ್ನ ಓಡಿಸಿದವರನ್ನ ಕೂರಿಸಿ ಅದರ ಕಥೆ ರೆಕಾರ್ಡ್ ಮಾಡಿ. ತಗಡು ಉಳಿಯದಿದ್ರೂ ಕಥೆ ಉಳಿಯುತ್ತೆ.