ಫೈಲಿನೊಳಗಿನ ಅಡ್ಡಗಲ್ಲು



ಹುಟ್ಟು ಕುರುಡನೊಬ್ಬನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ಹೆತ್ತವರೋ ಎಂದು ಯೇಸುವನ್ನು ಕೇಳಿದರು. ಇಬ್ಬರೂ ಅಲ್ಲ ಎಂಬ ಉತ್ತರ ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿದೆ. ಹಿಂದಿನ ಜನ್ಮದ ಕರ್ಮ ಅನ್ನುವ ನಮ್ಮೂರ ಮಾತಿಗೂ ಆ ಪ್ರಶ್ನೆಗೂ ಬಹಳ ದೂರವೇನಿಲ್ಲ. ಉತ್ತರ ಸಿಕ್ಕ ಮೇಲೂ ಕ್ರೈಸ್ತ ಸಭೆಗಳು ಬಹುಕಾಲ ಭಿಕ್ಷೆ ಹಾಕಿದ್ದೇ ಹೆಚ್ಚು, ಅಕ್ಷರ ಕೊಟ್ಟದ್ದು ಕಡಿಮೆ.

ಅಕ್ಷರ ಕೊಟ್ಟವನು ಲೂಯಿ ಬ್ರೈಲ್. ಪ್ಯಾರಿಸ್ಸಿನ ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದ ಈ ಅಂಧ ಶಿಕ್ಷಕನ ಚುಕ್ಕಿ ಲಿಪಿ 1829ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ಅಂಧರಿಗಾಗಿ ಮೊದಲ ಶಾಲೆಯನ್ನು 1887ರಲ್ಲಿ ಅಮೃತಸರದಲ್ಲಿ ತೆರೆದವರು ಮಿಷನರಿ ಆನಿ ಶಾರ್ಪ್. 1901ರಲ್ಲಿ ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾಯಿತು. ಅದನ್ನು ಕಟ್ಟಿದ ಎಂ. ಶ್ರೀನಿವಾಸರಾಯರು ಮಿಷನರಿಯಲ್ಲ, ಇದನ್ನೂ ಹೇಳಬೇಕು.

ನಮ್ಮ ಕನ್ನಡ-ತೆಲುಗು ಗಡಿನಾಡಿನ ಕತೆ ಬೇರೆ. 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲದಲ್ಲಿ ಮೊದಲು ಅಮೆರಿಕನ್ ಬ್ಯಾಪ್ಟಿಸ್ಟರು, ಆಮೇಲೆ ಮೆನೊನೈಟ್ ಬ್ರೆದ್ರನ್ ಮಿಷನ್ನಿನವರು ಕೆಲಸ ಮಾಡಿದರು. ಈ ಭಾಗದಲ್ಲಿ ಅವರ ನೆನಪೆಂದರೆ ಶಾಲೆ, ದವಾಖಾನೆ. ಗಡಿಯ ಅಂಧ ಮಗುವಿಗೆ ಅದಕ್ಕಿಂತ ದೊಡ್ಡ ಉಪಕಾರ ಆದದ್ದು 1951ರಲ್ಲಿ. ಆ ವರ್ಷ ಒಪ್ಪಿತವಾದ ಭಾರತಿ ಬ್ರೈಲ್‌ನಲ್ಲಿ ತೆಲುಗಿನ ಕಕಾರಕ್ಕೂ ಕನ್ನಡದ ಕಕಾರಕ್ಕೂ ಒಂದೇ ಚುಕ್ಕಿ ಗುರುತು. ಮಕ್ತಲ್, ನಾರಾಯಣಪೇಟೆಯ ಎರಡು ಭಾಷೆಯ ಮನೆಗಳಲ್ಲಿ, ಕಣ್ಣಿಗೆ ಎರಡಾದ ಲಿಪಿ ಬೆರಳಿಗೆ ಒಂದೇ ಆಯಿತು!

ಈಗ ಕಂಪ್ಯೂಟರ್ ಓದಿ ಹೇಳುತ್ತದೆ. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ 2006ರಲ್ಲಿ ಆಸ್ಟ್ರೇಲಿಯದಲ್ಲಿ ಹುಟ್ಟಿತು. ಅದು ಕನ್ನಡವನ್ನೂ ಓದುತ್ತದೆ. ಆದರೆ ನಾವು ಕೊಡುವುದೇನು? ಹಳೆಯ ನುಡಿ ಫಾಂಟಿನಲ್ಲಿ ಹೊಡೆದ ಪಾಠ. ಕಣ್ಣಿದ್ದವರಿಗೆ ಅದು ಚಂದದ ಕನ್ನಡ, ಯಂತ್ರಕ್ಕೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕುರುಡನ ದಾರಿಗೆ ಅಡ್ಡಗಲ್ಲು ಇಡಬಾರದೆಂದು ಯಾಜಕಕಾಂಡ ವಿಧಿಸುತ್ತದೆ. ನನ್ನ ಲೆಕ್ಕದಲ್ಲಿ ಇಂಥ ಫೈಲೂ ಆ ಕಲ್ಲೇ. ಬಾಗಿಲಲ್ಲಿ ಇಳಿಜಾರು ಕಟ್ಟಿಸಿದ ಶಾಲೆ, ಚರ್ಚುಗಳೂ ಇದನ್ನು ನೋಡುವುದಿಲ್ಲ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಎಲ್ಲರೊಡನೆ ಕಲಿಯುವುದನ್ನು ಹಕ್ಕೆಂದು ಹೇಳಿದೆ. ಹಾಗಾಗಿ ಮೇಷ್ಟ್ರುಗಳಲ್ಲಿ, ಸಭೆಯ ಪಾಸ್ಟರುಗಳಲ್ಲಿ ಒಂದು ವಿನಂತಿ: ನೋಟ್ಸಿನ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಬೇಡಿ, ಪಾಠವಾಗಲಿ, ಹಾಡಿನ ಪುಸ್ತಕವಾಗಲಿ, ಯುನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ. ಆಗ ಯಂತ್ರ ಅದನ್ನು ಕನ್ನಡವಾಗಿಯೇ ಓದುತ್ತದೆ.